ಗೊರೇಬಾಳದ ಕೊಲೆಗಾರ ಹಂಗ ಮಾತಾಡಂಗಿಲ್ಲ

ಗೆಳೆಯರೇ, ನನ್ನ ಪತ್ತೇದಾರಿ ಕಾದಂಬರಿಯ ಕೊಲೆಗಾರ ಇಂದು ಸಿಂಧನೂರಿನ ಚಹಾದಂಗಡಿಯಲ್ಲಿ ಸಿಕ್ಕಿಬಿದ್ದ. ಹಿಡಿದವರು ನಿವೃತ್ತ ಹವಾಲ್ದಾರ ಬಸಣ್ಣ. ಹಸ್ತಪ್ರತಿ ಓದಲು ಅವರಿಗೆ ಕೊಟ್ಟಿದ್ದೆ.

“‘ಸ್ಕೆಚ್ ಹಾಕಿ ಎತ್ತಿಬಿಡ್ತೀನಿ ಮಗಾ’ ಅಂತಾನಲ್ರೀ, ಇವ ನಮ್ಮ ಗೊರೇಬಾಳದಾಂವೇನು?”

“ಹೌದ್ರೀ.”

“ಸುಳ್ಳು. ಇದು ಬೆಂಗಳೂರು ರೌಡಿ ಮಾತು. ನಮ್ಮ ಕಡಿ ಹಿಂಗ ಒದರಾವ್ರು ಹೊಡಿಯಂಗಿಲ್ಲ.”

“ಮತ್ತ ಹೊಡಿಯಾಂವ ಏನಂತಾನ್ರೀ?”

“‘ರೀ’ ಹಚ್ಚಿ ಮಾತಾಡ್ತಾನ. ‘ಚಾ ಆತೇನ್ರೀ?’ ಅಂತ ಕೇಳ್ತಾನ.”

ಅಲ್ಲೇ ಕೂತು ಕೊಲೆಗಾರನ ಮಾತುಗಳಿಗೆಲ್ಲ ಗೀಟು ಹಾಕಿ ಮನೆಗೆ ಬಂದೆ. ಕಾಂಪೌಂಡ್ ಗೋಡೆಯ ಜಗಳದಿಂದ ಎರಡು ವರ್ಷ ಮಾತು ಬಿಟ್ಟಿದ್ದ ಪಕ್ಕದ ಮನೆಯಾತ ಗೇಟಿನಲ್ಲಿ ನಿಂತಿದ್ದ. ನಗುತ್ತಾ ಕೇಳಿದ: “ಚಾ ಆತೇನ್ರೀ ಸರ್?”

ಒಳಗಿನಿಂದ ಚಿಲಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ.