ಅಕ್ಕನ ಬೆರಳಿನ ಗೂಡು

ಅಕ್ಕ ತನ್ನ ಮುಷ್ಟಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ಮೊದಲು ಕಂಡವಳು ಅವಳ ಸೊಸೆ. ನನಗೆ ಫೋನ್ ಮಾಡಿ, "ಚಿಕ್ಕತ್ತೆ, ಅತ್ತೆ ಕೈ ಅಲ್ಲಾಡಿಸಿ ಏನೋ ಕೇಳಿಸ್ಕಂತಾರೆ, ಒಂದ್ಸಲ ಬಂದು ನೋಡ್ರಿ" ಅಂದಳು. ನೋವಿಗೆ ಕೈ ಕೊಡವುತ್ತಿರಬಹುದು ಅಂದೆ. "ಕೊಡವೋದಲ್ರಿ, ಕೇಳೋದು" ಅಂದಳು.

ಹಾಗೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವ ವಸ್ತು ನಮ್ಮವರಿಗೆ ಒಂದೇ, ರೇಷ್ಮೆ ಗೂಡು. ಒಳಗಿನ ಹುಳ ಸತ್ತು ಒಣಗಿದ್ದರೆ ಕಟಕಟ ಎನ್ನುತ್ತದೆ. ಜೀವ ಇದ್ದರೆ ಆ ಸದ್ದು ಬರುವುದಿಲ್ಲ.

ನಾವು ಮೊಳಕಾಲ್ಮೂರಿನ ನೇಕಾರರ ಮನೆಯ ಹೆಣ್ಣುಮಕ್ಕಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ. ನನ್ನನ್ನು ಚಳ್ಳಕೆರೆಗೆ ಕೊಟ್ಟರು, ಅಕ್ಕನನ್ನು ಅದೇ ಬೀದಿಯ ನಾಲ್ಕನೇ ಮನೆಗೆ ಕೊಟ್ಟರು. ಮದುವೆಗೆ ಮೊದಲು ಇಬ್ಬರೂ ನೂಲು ಬಿಚ್ಚುವವರ ಮನೆಗೆ ಕೆಲಸಕ್ಕೆ ಹೋಗುತ್ತಿದ್ದೆವು. ಬಿಸಿನೀರಿಗೆ ಗೂಡು ಹಾಕಿ, ಕಡ್ಡಿಯಲ್ಲಿ ತಿರುವಿ, ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡಬೇಕು. ಹುಳ ಒಳಗೇ ಬೇಯುತ್ತದೆ. ನನಗೆ ಆ ವಾಸನೆ ಆಗಲಿಲ್ಲ, ಒಂದು ವರ್ಷಕ್ಕೇ ಬಿಟ್ಟೆ. ಅಕ್ಕ ಆರು ವರ್ಷ ಕೂತಳು. ಆಮೇಲೆ ಜೀವನವೆಲ್ಲ ಮಗ್ಗ. ಮಗ್ಗದ ಸದ್ದಿಗೆ ಅವಳ ಎಡಗಿವಿ ಮಂದವಾಯಿತು.

ಐವತ್ತು ದಾಟಿದ ಮೇಲೆ ಅವಳ ಬೆರಳು ಸೊಟ್ಟಗಾದವು. ಬೆಳಿಗ್ಗೆ ಎದ್ದರೆ ಲೋಟ ಹಿಡಿಯಲಾಗುತ್ತಿರಲಿಲ್ಲ. ಚಿತ್ರದುರ್ಗದ ಡಾಕ್ಟರಮ್ಮ ಇದು ಕೀಲಿನ ಕಾಯಿಲೆ, ಬೇರುಸಹಿತ ಹೋಗುವುದಲ್ಲ, ಹತೋಟಿಯಲ್ಲಿ ಇಟ್ಟುಕೊಳ್ಳಬಹುದು ಎಂದು ವಾರಕ್ಕೆ ಒಂದೇ ದಿನ ನುಂಗುವ ಸಣ್ಣ ಹಳದಿ ಮಾತ್ರೆ ಬರೆದುಕೊಟ್ಟರು. ಅದನ್ನು ನುಂಗಿಕೊಂಡು ಅಕ್ಕ ನಾಲ್ಕು ವರ್ಷ ಸೀರೆ ನೇಯ್ದಳು. ಪೂರ್ತಿ ಗುಣವಾಗಲಿಲ್ಲ, ಅಷ್ಟೇ. ಪೂರ್ತಿ ಗುಣ ಮಾಡುತ್ತೇನೆ ಎನ್ನುವವನ ಹತ್ತಿರ ಅವಳನ್ನು ಕರೆದುಕೊಂಡು ಹೋದವಳು ನಾನು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆತ ಚಳ್ಳಕೆರೆಯಲ್ಲಿ, ಬಾಗಿಲು ಹಾಕಿದ ಎಣ್ಣೆ ಮಿಲ್ಲೊಂದರ ಹಿಂದೆ ಕೋಣೆ ಮಾಡಿಕೊಂಡಿದ್ದ. ಮೊದಲು ಯಾರೋ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದನಂತೆ. ಮೋಸಗಾರನ ಮುಖವಲ್ಲ. ಮಾತಾಡುವಾಗ ನಾಲಿಗೆ ಕಿತ್ತಳೆ ಬಣ್ಣ ಕಾಣುತ್ತಿತ್ತು. ತಾನು ಕೊಡುವ ವಿಟಮಿನ್ ಸಿ ಮಾತ್ರೆಯನ್ನು ತಾನೂ ಇಡೀ ದಿನ ಚೀಪುತ್ತಿದ್ದ. ದೊಡ್ಡ ಡಾಕ್ಟರುಗಳು ರೋಗವನ್ನು ಮಲಗಿಸುತ್ತಾರೆ, ತಾನು ಕೊಲ್ಲುತ್ತೇನೆ ಎಂದ. ಹಳದಿ ಮಾತ್ರೆ ಅವತ್ತಿನಿಂದಲೇ ಬಿಡಬೇಕು ಎಂದ.

"ಕೀಲಿನಾಗೆ ಹುಳ ಐತಮ್ಮ, ಕಣ್ಣಿಗೆ ಕಾಣಲ್ಲ. ಗೂಡು ಕಟ್ಕೊಂಡು ಕೂತೈತೆ. ಗೂಡು ಒಡೆಯಾಕೆ ಈ ಹುಳಿ ಮಾತ್ರೆ, ಹುಳ ಸಾಯ್ಸಾಕೆ ಈ ಕ್ಯಾಪ್ಸೂಲು."

ಅವನು ಹೇಳಿದ್ದು ರೋಗಾಣು ಅಂತ. ಕ್ಯಾಪ್ಸೂಲು ಆ್ಯಂಟಿಬಯಾಟಿಕ್. ಹಳ್ಳಿಯವರಿಗೆ ತಿಳಿಯಲಿ ಎಂದು ಹುಳ ಅಂದ, ಗೂಡು ಅಂದ. ನಮ್ಮ ಮನೆಯಲ್ಲಿ ಆ ಎರಡು ಮಾತಿಗೆ ಬೇರೆ ಅರ್ಥ ಇಲ್ಲ ಎಂಬುದು ಅವನಿಗೇನು ಗೊತ್ತು? ಅಕ್ಕ ನನ್ನ ಕಡೆ ತಿರುಗಿ, ತೆಲುಗಿನಲ್ಲಿ, ಯಾವ ಪುರುಗು ಅಂತೆ ಎಂದು ಕೇಳಿದಳು. ಪುರುಗು ಅಂದರೆ ಹುಳ. ಬಸ್ಸಿನ ಹೊತ್ತಾಗಿತ್ತು. ಅವಳಿಗೆ ಒಂದೊಂದನ್ನೂ ಎರಡು ಸಲ ಹೇಳಿ ನನಗೆ ಸಾಕಾಗಿತ್ತು.

"ಇನ್ಯಾವುದು? ನೀನು ಬೇಯಿಸಿದ್ಯಲ್ಲ, ಅವೇ. ನಿನ್ನ ಹುಡುಕ್ಕೊಂಡು ಬಂದಾವೆ" ಅಂದೆ.

ಅಕ್ಕ ನಕ್ಕಳು. ನಕ್ಕಳು ಎಂದು ನಾನು ಅಂದುಕೊಂಡೆ.

ಮೊದಲ ತಿಂಗಳು ಅವಳು ಚೆನ್ನಾಗಿಯೇ ಇದ್ದಳು. ಈ ಕಾಯಿಲೆ ತಾನಾಗಿ ಏಳುತ್ತದೆ, ತಾನಾಗಿ ಕೂರುತ್ತದೆ. ಅದು ಕೂತಾಗ ಯಾರ ಮಾತ್ರೆ ಬಾಯಲ್ಲಿತ್ತೋ ಅವನಿಗೆ ಹೆಸರು. ಅಕ್ಕನ ಸೆರಗಿನ ತುದಿಯಲ್ಲಿ ಯಾವಾಗಲೂ ಹುಳಿ ಮಾತ್ರೆ. ಬೀದಿಯ ಹೆಂಗಸರು, ಈ ವಯಸ್ಸಿನಲ್ಲಿ ಏನಕ್ಕಾ ಬಯಕೆ, ಎಷ್ಟನೇ ತಿಂಗಳು ಎಂದು ಕೀಟಲೆ ಮಾಡುತ್ತಿದ್ದರಂತೆ. ಅವಳು ಸಿಟ್ಟಾಗದೆ, ಒಳಗೆ ಒಂದಲ್ಲ, ಬಹಳ ಅವೆ ಎನ್ನುತ್ತಿದ್ದಳಂತೆ. ಅವರು ಇನ್ನೂ ನಗುತ್ತಿದ್ದರು. ಇದನ್ನು ನನಗೆ ಸೊಸೆ ಹೇಳಿದ್ದು ತಡವಾಗಿ.

ಆಮೇಲೆ ಕ್ಯಾಪ್ಸೂಲಿನ ಗುಣ ಕಾಣಿಸಿಕೊಂಡಿತು. ಭೇದಿ ನಿಲ್ಲಲಿಲ್ಲ. ಬಾಯೊಳಗೆ ಬಿಳಿ ಕಟ್ಟಿತು. ಅನ್ನ ಸೇರದು. ಕೀಲುಗಳು ಮೊದಲಿಗಿಂತ ಕೆಂಪಗೆ ಊದಿದವು. ಬೆರಳ ಗೆಣ್ಣಿನ ಮೇಲೆ, ಮೊಣಕೈಯ ಹಿಂದೆ, ಚರ್ಮದ ಅಡಿಯಲ್ಲಿ ಗಟ್ಟಿ ಗಂಟುಗಳು ಎದ್ದವು. ಆಗ ಬಂತು ಸೊಸೆಯ ಫೋನು.

ನಾನು ಹೋದಾಗ ಮಧ್ಯಾಹ್ನ. ಮೊಳಕಾಲ್ಮೂರಿನ ಬಂಡೆಗಳು ಬೆಳಗಿನಿಂದ ಕಾದು ಬೀದಿಗೇ ಝಳ ಬಿಡುತ್ತಿದ್ದವು. ಒಳಗೆ ಸೊಸೆ ಮಗ್ಗದಲ್ಲಿದ್ದಳು. ಅಕ್ಕ ಗೋಡೆಗೆ ಒರಗಿ ಕೂತು ಮುಷ್ಟಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಹಿಡಿದದ್ದು ಎಡಗಿವಿಗೆ, ಕೇಳದ ಕಿವಿಗೆ. ನಾನು ಅವಳ ಕೈಯನ್ನು ಎಳೆದು ನೋಡಿದೆ. ಗಂಟುಗಳು ಉದ್ದುದ್ದ, ನಡುವೆ ಸ್ವಲ್ಪ ಸಣ್ಣ. ನೋಡಬಾರದಿತ್ತು. ನನ್ನ ಕಣ್ಣಿಗೂ ಅವು ಗೂಡಿನ ಹಾಗೇ ಕಂಡವು.

ಅಕ್ಕ ಹೇಳಿದಳು, "ಸತ್ತಿದ್ರೆ ಸದ್ದು ಬರ್ತಿತ್ತು. ಬರ್ತಾ ಇಲ್ಲ. ಕ್ಯಾಪ್ಸೂಲು ಗೂಡಿನೊಳಗೆ ಇಳೀತಾ ಇಲ್ಲ."

ನಾನು ಅವತ್ತು ಆಡಿದ್ದು ತಮಾಷೆಗೆ, ನಿನ್ನ ಕೈಯಲ್ಲಿ ಹುಳವೂ ಇಲ್ಲ ಮಣ್ಣೂ ಇಲ್ಲ ಎಂದೆ. ಬೈದೆ ಕೂಡ. ಅವಳು ನನ್ನನ್ನು ನೋಡಿದ ರೀತಿ, ಸುಳ್ಳು ಹೇಳುವ ಮಗುವನ್ನು ನೋಡುವ ಹಾಗಿತ್ತು.

"ನೀನಂದಿದ್ದಕ್ಕಲ್ಲ. ಜ್ವರ ನಾಲ್ಕು ಬಂದ್ವು. ನಾನು ಎಣಿಸ್ದೆ."

ಹುಳ ಸಾಕುವವರಿಗೆ ಇದು ಗೊತ್ತು. ರೇಷ್ಮೆ ಹುಳ ಪೊರೆ ಬಿಡಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಅಲುಗಾಡದೆ ಕೂರುವುದಕ್ಕೆ ಜ್ವರ ಎನ್ನುತ್ತಾರೆ. ನಾಲ್ಕು ಜ್ವರ ಮುಗಿದರೆ ಹುಳ ಹಣ್ಣಾಗಿ ಗೂಡು ಕಟ್ಟುತ್ತದೆ. ಅಕ್ಕನಿಗೆ ಆ ತಿಂಗಳುಗಳಲ್ಲಿ ಮೈ ಬೆಚ್ಚಗಾಗಿ ಮಲಗಿದ್ದು ನಾಲ್ಕು ಸಲವೇ. ಸೊಸೆಯನ್ನು ಕೇಳಿದೆ, ಹೌದು ಅಂದಳು. ನಾಲ್ಕನೆಯದರ ಮಾರನೇ ದಿನ ಮೊದಲ ಗಂಟು ಎದ್ದಿತ್ತು.

ಚಳ್ಳಕೆರೆಗೆ ಬಂದವಳೇ ಮಿಲ್ಲಿನ ಹಿಂದಿನ ಕೋಣೆಗೆ ಹೋಗಿ ಆತನನ್ನು ಕೇಳಿದೆ. ಆತ ಸಮಾಧಾನವಾಗಿ ಕೇಳಿಸಿಕೊಂಡ. ಮೂರು ತಿಂಗಳು ಸಾಲದು, ಇನ್ನೂ ಮೂರು ಬೇಕು, ಹುಳ ಬುದ್ಧಿವಂತ, ಒಳಗೆ ಅಡಗಿದೆ ಎಂದ. ಅಡಗಿದೆ ಎನ್ನುವಾಗ ದನಿ ತಗ್ಗಿಸಿದ, ಅದು ಕೇಳಿಸಿಕೊಂಡುಬಿಡುತ್ತದೋ ಎಂಬಂತೆ. ನಾನು ಮೆಟ್ಟು ಹಾಕಿಕೊಂಡು ಹೊರಗೆ ಬಂದೆ. ಅಕ್ಕನನ್ನು ಸೋಮವಾರ ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನಿಸಿದೆ.

ಸೋಮವಾರದ ತನಕ ಅವಳು ಕಾಯಲಿಲ್ಲ. ಭಾನುವಾರ ಬೆಳಿಗ್ಗೆ ಸೊಸೆ ಮಗ್ಗದಲ್ಲಿದ್ದಾಗ ಬಚ್ಚಲ ಕಡೆಯಿಂದ ಕಡ್ಡಿ ತಿರುವುವ ಸದ್ದು ಬಂತಂತೆ. ಹೋಗಿ ನೋಡಿದರೆ ಅಕ್ಕ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಎಡಗೈ ಹಂಡೆಯ ನೀರಿನಲ್ಲಿ ಮಣಿಕಟ್ಟಿನ ತನಕ ಮುಳುಗಿದೆ. ಬಲಗೈಯಲ್ಲಿ ಪೊರಕೆ ಕಡ್ಡಿ ಹಿಡಿದು, ಮುಳುಗಿದ ಕೈಯ ಸುತ್ತ ಮೆಲ್ಲಗೆ ತಿರುವುತ್ತಿದ್ದಾಳೆ. ಒಲೆ ಉರಿಯುತ್ತಿದೆ. ಅವಳು ಕೂಗಿಕೊಂಡಿರಲಿಲ್ಲ, ಅಳುತ್ತಲೂ ಇರಲಿಲ್ಲ. ಸೊಸೆಯನ್ನು ನೋಡಿ, ಕೆಲಸದ ನಡುವೆ ಹೇಳುವ ಹಾಗೆ ಹೇಳಿದಳಂತೆ:

"ಎಳೆ ಸಿಗ್ತಾ ಇಲ್ಲ ಕಣಮ್ಮ."

ನೀರು ಕುದಿ ಬಂದಿರಲಿಲ್ಲ, ಅದಕ್ಕೇ ಕೈ ಉಳಿಯಿತು. ಚರ್ಮ ಎದ್ದು ಬೊಬ್ಬೆ ಬಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ಹದಿನೈದು ದಿನ ಮಲಗಿದಳು. ಹಳೆಯ ಡಾಕ್ಟರಮ್ಮನೇ ಬಂದು ನೋಡಿದರು. ಹಳದಿ ಮಾತ್ರೆ ಯಾಕೆ ಬಿಟ್ಟಿರಿ ಎಂದು ಕೇಳಿದರು. ಹೇಳಿದೆ, ಹುಳದ ಮಾತೊಂದನ್ನು ಬಿಟ್ಟು. ಅವರು ನನ್ನನ್ನು ಹೊರಗೆ ಕರೆದು ತಿಳಿಸಿದರು: ವಿಟಮಿನ್ ಸಿ ನೆಲ್ಲಿಕಾಯಲ್ಲೂ ಇರುತ್ತದೆ, ತಿಂದರೆ ತಿನ್ನಲಿ, ಅದರಿಂದ ಈ ಕಾಯಿಲೆ ಹೋಗುವುದಿಲ್ಲ. ಆ್ಯಂಟಿಬಯಾಟಿಕ್ಕನ್ನು ತಿಂಗಳುಗಟ್ಟಲೆ ನುಂಗಿ ಹೊಟ್ಟೆ ಕೆಟ್ಟಿದೆ. ಇದಕ್ಕೆ ಕ್ರಿಮಿ ಕಾರಣವಲ್ಲ. ಮೈಯನ್ನು ಕಾಯಬೇಕಾದ ಶಕ್ತಿಯೇ ತಿರುಗಿ ಬಿದ್ದು ತನ್ನ ಕೀಲನ್ನು ತಾನೇ ತಿನ್ನುತ್ತದೆ. ಹಳದಿ ಮಾತ್ರೆ ಮತ್ತೆ ಶುರು ಮಾಡದಿದ್ದರೆ ಎರಡು ಕೈಯೂ ಹೋಗುತ್ತವೆ.

ತನ್ನನ್ನು ತಾನೇ ತಿನ್ನುತ್ತದೆ. ಈ ನಿಜವನ್ನು ಅಕ್ಕನಿಗೆ ಹೇಳುವುದಕ್ಕಿಂತ ಹುಳವೇ ವಾಸಿ ಎನ್ನಿಸಿತು.

ಮಾತ್ರೆ ಕೊಟ್ಟರೆ ಅಕ್ಕ ಹಲ್ಲು ಕಚ್ಚಿಕೊಂಡಳು. ಗೂಡು ಹಾಗೇ ಇರುವಾಗ ಈ ಮಾತ್ರೆ ಯಾಕೆ ಎಂದು ನರ್ಸಮ್ಮನ ಕೈ ತಳ್ಳಿದಳು. ಎರಡು ದಿನ ಹೀಗೇ ಆಯಿತು. ಮೂರನೇ ದಿನ ಅವಳ ಕೈಯ ಬೊಬ್ಬೆಗಳು ಒಡೆದವು. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟಿದರೆ ಹೋಗುತ್ತದೆ ಎಂದುಕೊಂಡು ನಾನು ಅವಳ ಬಲಗಿವಿಯಲ್ಲಿ ಹೇಳಿದೆ, "ಅಕ್ಕ, ಗೂಡು ಒಡೆದವು. ಚಿಟ್ಟೆ ಆಗಿ ಕಿಟಕಿಯಾಗೆ ಹಾರಿ ಹೋದ್ವು. ನಾನೇ ಕಂಡೆ."

ಅಕ್ಕ ಕಿಟಕಿಯ ಕಡೆ ನೋಡಿ ಹೇಳಿದಳು.

"ನಮ್ಮ ಚಿಟ್ಟೆ ಹಾರಲ್ಲ ಕಣೇ. ಎಲ್ಲಿ ಹೊರಗೆ ಬರ್ತಾವೋ ಅಲ್ಲೇ ಮೊಟ್ಟೆ ಇಟ್ಟು ಸಾಯ್ತಾವೆ."

ನಿಜ. ರೇಷ್ಮೆ ಚಿಟ್ಟೆಗೆ ರೆಕ್ಕೆ ಇದ್ದರೂ ಹಾರಲು ಬಾರದು. ಒಂದು ವರ್ಷ ಕೂತವಳಿಗೆ ಮರೆತಿತ್ತು, ಆರು ವರ್ಷ ಕೂತವಳಿಗೆ ನೆನಪಿತ್ತು. ಇನ್ನೇನು ಮಾಡುವುದು? ಹಾಗಾದರೆ ಮೊಟ್ಟೆ ಇಟ್ಟಿರಬೇಕು, ಈ ಹಳದಿ ಮಾತ್ರೆ ಮೊಟ್ಟೆಗೇ ಇರುವುದು ಎಂದೆ. ಅವಳು ಸೂರು ನೋಡುತ್ತ ಲೆಕ್ಕ ಹಾಕಿದಳು. ವಾರಕ್ಕೊಂದಾ ಎಂದು ಕೇಳಿದಳು. ಹೌದು ಅಂದೆ.

"ಮೊಟ್ಟೆ ಒಡೆಯಾಕೆ ಹತ್ತು ದಿನ. ಅದಕ್ಕೇ ಏಳಕ್ಕೆ ಕೊಡ್ತಾರೆ" ಎಂದು ಬಾಯಿ ತೆರೆದಳು.

ಡಾಕ್ಟರಮ್ಮನಿಗೆ ಆಗ ಎಲ್ಲ ಹೇಳಿದೆ. ಮಾತ್ರೆ ನುಂಗುತ್ತಿರಲಿ, ಮನಸ್ಸಿನದಕ್ಕೂ ಒಬ್ಬ ಡಾಕ್ಟರನ್ನು ತೋರಿಸೋಣ ಅಂದರು. ತೋರಿಸಿದೆವು, ಈಗಲೂ ತೋರಿಸುತ್ತೇವೆ. ಗಂಟುಗಳು ಹಾಗೇ ಇವೆ, ಊತ ಇಳಿದಿದೆ. ಲೋಟ ಹಿಡಿಯುತ್ತಾಳೆ. ಹಳದಿ ಮಾತ್ರೆಯನ್ನು ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೆ ಅಪಾಯವಂತೆ, ಅದಕ್ಕೆ ಮಾತ್ರೆ ಶೀಟು ನನ್ನ ಹತ್ತಿರ ಇರುತ್ತದೆ. ನಾಲ್ಕನೇ ಕ್ಲಾಸಿನ ಓದು ನನ್ನದು, ಅದರ ಮೇಲಿನ ಇಂಗ್ಲಿಷ್ ತಿಳಿಯದು, ಬಣ್ಣದಿಂದ ಗುರುತು. ಪ್ರತಿ ಸೋಮವಾರ ಬಸ್ಸು ಹತ್ತಿ ಹೋಗಿ ಒಂದೇ ಒಂದು ಬಾಯಿಗೆ ಹಾಕಿ ಬರುತ್ತೇನೆ.

ಹೋದ ತಿಂಗಳು ಒಂದು ಸೋಮವಾರ ನನಗೆ ಜ್ವರ. ಮಂಗಳವಾರವೂ ಏಳಲಾಗಲಿಲ್ಲ. ಡಾಕ್ಟರಮ್ಮನಿಗೆ ಫೋನ್ ಮಾಡಿದರೆ, ಎರಡು ಮೂರು ದಿನ ತಡವಾದರೆ ಏನೂ ಆಗಲ್ಲ ಅಂದರು. ಗುರುವಾರ ತಾನೇ ಕೊಟ್ಟು ಬರುತ್ತೇನೆ ಎಂದು ನನ್ನ ಮಗ ಹೇಳಿದ. ಆದರೆ ಗುರುವಾರ ಹತ್ತನೇ ದಿನ. ಬುಧವಾರ ನಾನು ಎದ್ದು ಗೋಡೆ ಹಿಡಿದು ನಡೆದು ಬಸ್ಸು ಹತ್ತಿದೆ. ದಾರಿಯಲ್ಲಿ ತಳಕು ಊರು ದಾಟುವಾಗ ನೋಡಿಕೊಂಡರೆ ನನ್ನ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳನ್ನು ಮುಟ್ಟಿ ಮುಟ್ಟಿ ಎಣಿಸುತ್ತಿತ್ತು. ಆ ಮೊಟ್ಟೆಗಳ ಕಥೆ ಕಟ್ಟಿದವಳು ನಾನು. ನನಗೇ ಅವಸರ.

ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಎರಡು ಕೈಗೂ ಒದ್ದೆ ಬಟ್ಟೆ ಸುತ್ತಿಕೊಂಡಿದ್ದಳು. ತಣ್ಣಗಿಟ್ಟರೆ ಮೊಟ್ಟೆ ಒಡೆಯುವುದು ತಡವಾಗುತ್ತದೆ. ಇಪ್ಪತ್ತು ಸಲ ಒದ್ದೆ ಮಾಡಿಕೊಟ್ಟೆ ಎಂದು ಸೊಸೆ ಒಳಗಿನಿಂದ ಗೊಣಗಿದಳು. ಅಕ್ಕ ಬಾಯಿ ತೆರೆದಳು. ಮಾತ್ರೆ ಹಾಕಿ ನೀರು ಕುಡಿಸಿದೆ. ನುಂಗಿದ ಮೇಲೆ ಬಟ್ಟೆ ಬಿಚ್ಚಿ, ಸೊಟ್ಟ ಬೆರಳುಗಳಲ್ಲಿ ನನ್ನ ಕೈ ಹಿಡಿದಳು. ಹಿಡಿದವಳು ಬಿಡಲಿಲ್ಲ.

"ಮೈ ಬೆಚ್ಚಗೈತೆ. ಜ್ವರ ಬಂದಿತ್ತಾ?"

"ಬಂದಿತ್ತು."

"ಎಷ್ಟನೇದು?"

ಮೊದಲನೇದು ಎಂದೆ. ಅದು ಮೂರನೇದು.