ಮಡಕೆಗೆ ಹಾಕಿದ ಓಟು

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ರಾಯದುರ್ಗ ಆಗಿನ್ನೂ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮಡಕಶಿರ ಅನಂತಪುರ ಜಿಲ್ಲೆಯಲ್ಲಿ; ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಟ್ರೈನಿಂಗ್ ಮುಗಿಸಿ, ರಾಯದುರ್ಗದ ಬೋರ್ಡ್ ಹೆಣ್ಣುಮಕ್ಕಳ ಶಾಲೆಗೆ ಸೇರಿದ್ದೆ. ಮದುವೆಗೆ ಮುಂಚಿನ ಆ ಎರಡು ವರ್ಷವೇ ನನ್ನ ಇಡೀ ನೌಕರಿ.

ಆ ಬೇಸಿಗೆಯಲ್ಲಿ ಎರಡೂ ಜಿಲ್ಲಾ ಬೋರ್ಡುಗಳು ಶಿಕ್ಷಕರಿಗೆ ತುಟ್ಟಿಭತ್ಯೆ ಹೆಚ್ಚಿಸುವುದಾಗಿ ಹೇಳಿದವು. ಷರತ್ತು ಒಂದೇ: ಟ್ರೈನಿಂಗ್ ಆದವರಿಗೆ ಮಾತ್ರ. ಉಳಿದವರ ವಿಷಯ 'ಮುಂದೆ ಪರಿಶೀಲಿಸಲಾಗುವುದು'. ರಾಯದುರ್ಗ, ಮಡಕಶಿರ ಎರಡೂ ತಾಲ್ಲೂಕುಗಳ ಶಿಕ್ಷಕರ ಸಂಘ, ಇದನ್ನು ಒಪ್ಪಬೇಕೋ, ಕೊಟ್ಟರೆ ಎಲ್ಲರಿಗೂ ಕೊಡಿ ಎಂದು ಪಟ್ಟು ಹಿಡಿಯಬೇಕೋ ಎಂದು ಓಟು ಹಾಕಲು ಒಂದು ಭಾನುವಾರ ನಮ್ಮ ಶಾಲೆಯಲ್ಲಿ ಸೇರಿತು.

ಒಪ್ಪಿದರೆ ನನಗೆ ಲಾಭ, ಗಂಗಮ್ಮನವರಿಗೆ ನಷ್ಟ. ಅವರು ಟ್ರೈನಿಂಗ್ ಆಗದ ವಿಧವೆ, ಹತ್ತಿರದ ಹಳ್ಳಿಯ ಶಾಲೆಗೆ ಒಬ್ಬರೇ ಟೀಚರು. ಸೀರೆಯ ಸೆರಗಿಗೆ ಹಾಕಿದ ಹೊಲಿಗೆ ಕೂಡ ಕಾಪಿ ಪುಸ್ತಕದ ಗೆರೆಯಷ್ಟು ನೇರವಾಗಿರುತ್ತಿತ್ತು. "ಈ ಸಲ ಏರದಿದ್ರ ಅಣ್ಣನ ಮನಿಗೆ ಹೋಗಾದಾತು ನೋಡವ್ವ," ಎಂದು ಬೆಳಿಗ್ಗೆಯೇ ನನಗೆ ಹೇಳಿದ್ದರು. ಅವರು ಹೋದರೆ ಆ ಶಾಲೆಗೆ ಬೀಗ.

ಚೀಟಿಯಲ್ಲಿ ಓಟು ಹಾಕುವಂತಿರಲಿಲ್ಲ. ದಿನವಿಡೀ ಅಕ್ಷರ ತಿದ್ದುವ ಜನ ನಾವು. ಒಂದು ಗೀಟು ಎಳೆದರೂ ಇಂಥವರದೇ ಎಂದು ಗೊತ್ತಾಗುತ್ತಿತ್ತು. ಅದಕ್ಕೆ ಸಂಘದ ಕಾರ್ಯದರ್ಶಿ ತಿಪ್ಪೇಸ್ವಾಮಿ ಮಾಸ್ತರರು ಎಲ್ಲರಿಗೂ ಒಂದು ಶೇಂಗಾ ಬೀಜ, ಒಂದು ಹುಣಸೆ ಬೀಜ ಕೊಟ್ಟರು. ಒಪ್ಪುವವರು ಶೇಂಗಾ, ಒಪ್ಪದವರು ಹುಣಸೆ ಬೀಜವನ್ನು ಪರದೆಯ ಹಿಂದಿನ ಮಡಕೆಗೆ ಹಾಕಿ, ಉಳಿದದ್ದನ್ನು ಪಕ್ಕದ ಬುಟ್ಟಿಗೆ ಬಿಡಬೇಕು. ಎಣಿಸುವ ಕೆಲಸ ನನಗೆ ಬಂತು.

ನಲವತ್ತೊಂದು ಜನ. ಹುಣಸೆ ಇಪ್ಪತ್ತೊಂದು, ಶೇಂಗಾ ಇಪ್ಪತ್ತು. ಒಂದೇ ಓಟಿನಿಂದ ಬೋರ್ಡುಗಳ ಮಾತು ಬಿದ್ದುಹೋಗಿತ್ತು. ನಾನೂ ಹುಣಸೆ ಬೀಜವನ್ನೇ ಹಾಕಿದ್ದೆ, ಖುಷಿಯಾಯಿತು. ಆದರೆ ತಲೆಯೆತ್ತಿದಾಗ, ಅಮರಾಪುರದ ಈರಣ್ಣ ಮೇಷ್ಟ್ರ ಮೀಸೆಗೆ ಶೇಂಗಾದ ಕೆಂಪು ಸಿಪ್ಪೆ ಅಂಟಿದ್ದು ಕಣ್ಣಿಗೆ ಬಿತ್ತು. ಏನಾಗಿರಬಹುದೆಂದು ತಕ್ಷಣ ಹೊಳೆಯಿತು. ಆದರೂ ಸುಮ್ಮನಿದ್ದೆ.

ಗಂಗಮ್ಮನವರೂ ಅದನ್ನು ನೋಡಿದ್ದರು. ಅವರು ಸುಮ್ಮನಿರಲಿಲ್ಲ.

"ಈರಣ್ಣ ಮಾಸ್ತರ, ನಿಮ್ಮ ಶೇಂಗಾ ಮಡಕ್ಯಾಗ ಬಿತ್ತೋ, ಹೊಟ್ಟ್ಯಾಗ ಬಿತ್ತೋ?"

ಎಲ್ಲರೂ ನಕ್ಕರು. ಈರಣ್ಣ ಮೇಷ್ಟ್ರು ಮೀಸೆ ಒರೆಸಿಕೊಂಡರು. "ಹೊಟ್ಟೆಗೇ ಕಣಮ್ಮ. ಸಾಲಲ್ಲಿ ನಿಂತ್ಕಂಡು ಮಾತಾಡ್ತಾ ಮಾತಾಡ್ತಾ ಬಾಯಿಗೆ ಹಾಕ್ಕಂಡ್‌ಬಿಟ್ಟೆ. ಒಳಗೆ ಹೋದ್ರೆ ಕೈಯಾಗೆ ಹುಣಸೆ ಬೀಜ ಒಂದೇ. ಹೇಳಾಕೆ ನಾಚ್ಕೆ ಆಯ್ತು, ಅದನ್ನೇ ಹಾಕ್‌ದೆ."

"ನಿಮ್ಮ ಮನಸ್ಸು ಯಾವ ಕಡೀಗಿತ್ರಿ?" ತಿಪ್ಪೇಸ್ವಾಮಿ ಮಾಸ್ತರರು ಕೇಳಿದರು.

"ಒಪ್ಪಾನಾ ಅಂತಿದ್ದೆ."

ನಗು ನಿಂತಿತು. ಆ ಒಂದು ಓಟು ಆಚೆ ಹೋದರೆ ಫಲಿತಾಂಶವೇ ತಿರುಗುಮುರುಗು.

"ಹಂಗಾರ ಇನ್ನೊಮ್ಮೆ ಹಾಕ್ರಿ," ಅಂದರು ಗಂಗಮ್ಮ.

"ಗಂಗಮ್ಮಾರ, ಹೊಡ್ತ ಬೀಳಾದು ನಿಮಗ ರೀ!" ಎಂದರು ತಿಪ್ಪೇಸ್ವಾಮಿ ಮಾಸ್ತರರು.

"ಬೀಳ್ಲಿ ಬಿಡ್ರಿ. ನಾಳೆ ಹುಡುಗ್ರಿಗೆ ಕೂಡಿಸೋ ಲೆಕ್ಕ ಹೇಳಿಕೊಡಾಕಿ ನಾನೇ ಅಲ್ಲೇನ್ರಿ?"

ಈ ಸಲ ಶೇಂಗಾದ ಬದಲು ಸೀಮೆಸುಣ್ಣದ ಚೂರು ಇಟ್ಟೆವು. ಯಾರೂ ಭಾಷಣ ಮಾಡಲಿಲ್ಲ. ಸಾಲು ಮೆಲ್ಲಗೆ ಸರಿಯಿತು. ಗಂಗಮ್ಮನವರು ಪರದೆಯಿಂದ ಆಚೆ ಬಂದು ಕಿಟಕಿಯ ಕಡೆ ಮುಖಮಾಡಿ ಕೂತರು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಎರಡು ಸಲ ಎಣಿಸಿದೆ. ಸೀಮೆಸುಣ್ಣ ಹನ್ನೆರಡು. ಹುಣಸೆ ಬೀಜ ಇಪ್ಪತ್ತೊಂಬತ್ತು.

ಈರಣ್ಣ ಮೇಷ್ಟ್ರು ಯಾವುದನ್ನು ಹಾಕಿದರೆಂದು ಅವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಕೆಲವು ತಿಂಗಳ ನಂತರ ಬೋರ್ಡುಗಳು ಎಲ್ಲರಿಗೂ ಭತ್ಯೆ ಏರಿಸಿದವು. ಟ್ರೈನಿಂಗ್ ಆದ ನಮ್ಮಂಥವರಿಗೆ ಮೊದಲು ಹೇಳಿದ್ದಕ್ಕಿಂತ ಕಡಿಮೆಯೇ ಸಿಕ್ಕಿತು. ಗಂಗಮ್ಮನವರು ತಮ್ಮ ಹಳ್ಳಿಯಲ್ಲೇ ಉಳಿದರು.

ಮದುವೆಯಾಗಿ ಮಡಕಶಿರಕ್ಕೆ ಬಂದ ಮೇಲೆ ನಾನು ಮನೆ, ಮಕ್ಕಳು ಅಂತ ಇದ್ದುಬಿಟ್ಟೆ. ಆ ಪುಟ್ಟ ನೌಕರಿ ಕಲಿಸಿದ ಪಾಠ ಮಾತ್ರ ಉಳಿದಿದೆ: ನಮಗೆ ಇಷ್ಟವಾದ ಉತ್ತರ ಬಂದಾಗಲೇ ಇನ್ನೊಮ್ಮೆ ಎಣಿಸಬೇಕು. ಅವತ್ತು ಎಣಿಸುವ ಕೆಲಸ ನನ್ನದಾಗಿತ್ತು. ಅದನ್ನು ಮಾಡಿದವರು ಗಂಗಮ್ಮ.