ಆಲಿಕಲ್ಲಿಗೆ ಗೋರೆ ಹಿಡಿದ ಮೆಂಬರಕ್ಕ

ಹೋದ ವಾರ ಮಗಳ ಮನೆಯಲ್ಲಿ ನೀರಿನ ತೊಟ್ಟಿ ತೊಳೆಯಲು ಬಂದ ಹುಡುಗರು ಬ್ಲೀಚಿಂಗ್ ಪೌಡರಿನ ಚೀಲ ಬಿಚ್ಚಿದರು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬಳೇ ನಗತೊಡಗಿದೆ. ಆ ವಾಸನೆಗೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆಯೋ ಏನೋ. ನನಗೆ ನೆನಪಾಗುವುದು ಆಲಿಕಲ್ಲು... ಅದರ ಹಿಂದೆಯೇ ನಮ್ಮ ಮೆಂಬರಕ್ಕ.

ತೊಂಬತ್ತರ ದಶಕದ ಒಂದು ಬೇಸಿಗೆ. ನಾಗಮಂಗಲದ ಕಡೆಯ ನಮ್ಮ ಸಣ್ಣ ಪೇಟೆಗೆ ನಾನು ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ಆ ಮಧ್ಯಾಹ್ನ ಪಕ್ಕದ ಮನೆಯ ಅಂಗಳದಲ್ಲಿ ನಾವು ನಾಲ್ವರಿದ್ದೆವು. ಆ ಮನೆಯ ಒಡತಿ, ನಮ್ಮತ್ತೆ, ನಾನು, ಮತ್ತೆ ಬೀದಿಯ ತಗ್ಗಿನ ತುದಿಯಲ್ಲಿದ್ದ ಹಾಸಿಗೆ ಸಾಬರು. ಹೆಂಗಸರು ಮೂವರೂ ಪಂಚೆಯ ಮೇಲೆ ಸಂಡಿಗೆ ಇಡುತ್ತಿದ್ದೆವು. ಸಾಬರು ನೆರಳಲ್ಲಿ ಕೂತು ಆ ಮನೆಯ ಹಳೆ ಹಾಸಿಗೆ ಬಿಚ್ಚಿ, ಬಿಲ್ಲು ಮಿಡಿದು ಹತ್ತಿ ಹಿಂಜುತ್ತಿದ್ದರು.

ಆ ಮನೆಯ ಒಡತಿಯೇ ಮೆಂಬರಕ್ಕ. ನಮ್ಮ ವಾರ್ಡು ಹೆಂಗಸರಿಗೆ ಮೀಸಲಾದಾಗ ಗೆದ್ದು ಪುರಸಭೆಯ ಮೆಂಬರಾದವರು. ಗೆಲ್ಲಿಸಿದವರೆಲ್ಲ ಕುರ್ಚಿ ಇವಳದು, ಕಾರುಬಾರು ಗಂಡನದು ಅಂದುಕೊಂಡಿದ್ದರಂತೆ. ಆದರೆ ಆಕೆಯ ಗಂಟಲು ಎಂಥದೆಂದರೆ, ಈಚೆ ದಂಡೆಯಿಂದ ಆಕೆ ಕೂಗಿದರೆ ಕೆರೆಯ ಆಚೆ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆ ತಿರುಗಿ ನೋಡುತ್ತಿತ್ತು. ಪುರಸಭೆಯವರೂ ತಿರುಗಿ ನೋಡಲೇಬೇಕಾಯಿತು. ಗಂಡ ಪಾಪದ ಮನುಷ್ಯ, ಆಕೆಯನ್ನು ಸ್ಕೂಟರಿನಲ್ಲಿ ಮೀಟಿಂಗಿಗೆ ಬಿಟ್ಟು ಹೊರಗೆ ಬೀಡಿ ಸೇದುತ್ತ ಕಾಯುತ್ತಿದ್ದರು.

ಮೋಡ ಯಾವಾಗ ಕವಿಯಿತೋ ನೋಡಲಿಲ್ಲ. ಹೆಂಚಿನ ಮೇಲೆ ಟಪ್ ಅಂತ ಒಂದು ಸದ್ದು. ಯಾರೋ ಕಲ್ಲು ಎಸೆದರು ಅಂತ ಮೆಂಬರಕ್ಕ ಬಯ್ಯಲು ಬಾಯಿ ತೆರೆದರು. ಅಷ್ಟರಲ್ಲಿ ಸಂಡಿಗೆಯ ನಡುವೆ ನಿಂಬೆಹಣ್ಣಿನಷ್ಟು ದಪ್ಪದ ಆಲಿಕಲ್ಲು ಬಂದು ಕೂತಿತು. ಆಮೇಲೆ ಸುರಿದದ್ದನ್ನು ಏನು ಹೇಳಲಿ! ಸಂಡಿಗೆ ಯಾವುದು, ಹತ್ತಿ ಯಾವುದು, ಆಲಿಕಲ್ಲು ಯಾವುದು ಅಂತ ಗೊತ್ತಾಗದ ಹಾಗೆ ಅಂಗಳವೆಲ್ಲ ಬೆಳ್ಳಗಾಯಿತು. ಜಗಲಿಯಲ್ಲಿ ಒಬ್ಬರಿಗೊಬ್ಬರು ಅಂಟಿ ನಿಂತು, ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಸುಮ್ಮನೆ ಕಿರುಚುತ್ತಿದ್ದೆವು.

ಮಳೆ ನಿಂತ ಮೇಲೆ ನೋಡಬೇಕಿತ್ತು ಬೀದಿಯನ್ನು. ಮುದುಕರು ಮಕ್ಕಳೆನ್ನದೆ ಎಲ್ಲರೂ ಹೊರಗೆ. ಸುಟ್ಟ ಗಾಯಕ್ಕೆ ಒಳ್ಳೆಯದು ಅಂತ ನಮ್ಮತ್ತೆ ಆಲಿಕಲ್ಲು ಆಯ್ದು ಸೀಸೆಗೆ ತುಂಬುತ್ತಿದ್ದರು. ಪಾಂಡವಪುರದ ಕಡೆಯಿಂದ ಬಂದ ಬಸ್ಸು ಮೈತುಂಬ ಧೂಳು ಹೊತ್ತು ಬೀದಿಯ ಮೇಲ್ತುದಿಯಲ್ಲಿ ನಿಂತಿತು. ಆ ಕಡೆ ಹನಿ ಮಳೆಯೂ ಬಿದ್ದಿರಲಿಲ್ಲವಂತೆ. ಕಂಡಕ್ಟರು ತಲೆ ಹೊರಗೆ ಹಾಕಿ, "ಯಾರ್ ಮದ್ವೆ ಕಣ್ರಪ್ಪೋ, ಬೀದಿಗೆಲ್ಲ ಸಕ್ರೆ ಸುರ್ದವ್ರೆ!" ಅಂತ ಕೂಗಿದ.

ನಗು ಇನ್ನೂ ನಿಂತಿರಲಿಲ್ಲ. ಮನೆ ನೋಡಿ ಬರಲು ಹೋಗಿದ್ದ ಸಾಬರ ಕೂಗು ತಗ್ಗಿನಿಂದ ಕೇಳಿಸಿತು. "ಅಕ್ಕಾ! ಗೋಡೆ!"

ನಾವು ಓಡಿದೆವು. ಮೇಲಿನ ಬೀದಿಗಳ ನೀರು ಆಲಿಕಲ್ಲನ್ನೆಲ್ಲ ತಳ್ಳಿಕೊಂಡು ಬಂದು, ಸಾಬರ ಮನೆಯ ಪಕ್ಕದ ಮೋರಿಯ ಬಾಯಿಗೆ ಗಿಡಿದುಬಿಟ್ಟಿತ್ತು. ಸೊಂಟದೆತ್ತರದ ಬಿಳಿ ಗುಡ್ಡೆ. ಹೋಗಲು ದಾರಿಯಿಲ್ಲದ ನೀರು ಸಾಬರ ಮನೆಯ ಗೋಡೆಗೆ ಒತ್ತಿಕೊಂಡು ನಿಂತಿತ್ತು. ಆ ಗೋಡೆ ಸಾಬರ ತಂದೆ ತುಳಿದು ಕಟ್ಟಿದ ಮಣ್ಣಿನ ಗೋಡೆ. ಆಲಿಕಲ್ಲು ತಾನಾಗಿ ಕರಗುವುದಕ್ಕೆ ಬೆಳಗಾಗಬೇಕು. ನೆನೆದ ಮಣ್ಣು ಅಲ್ಲಿಯವರೆಗೆ ಕಾಯುವುದಿಲ್ಲ. ಆ ಗೋಡೆ ಕೂತರೆ ಮಾಡೂ ಕೂತಂತೆಯೇ.

ಮೊದಲು ಸಾಬರ ತಾಯಿಯನ್ನು ಮಂಚದ ಸಮೇತ ಎತ್ತಿ ನಮ್ಮ ಜಗಲಿಗೆ ತಂದೆವು. ಮೆಂಬರಕ್ಕನ ಗಂಡ ಸ್ಕೂಟರಿನಲ್ಲಿ ಪುರಸಭೆಗೆ ಹೋದರು. ಅಲ್ಲಿಂದ ಬಂದದ್ದು ಸ್ವಚ್ಛತೆಯ ಮೇಸ್ತ್ರಿ ಮತ್ತು ಒಂದು ಕೈಗಾಡಿ. ಗಾಡಿಯಲ್ಲಿ ಬ್ಲೀಚಿಂಗ್ ಪೌಡರಿನ ಮೂಟೆ! ಪಾಪ, ಮೇಸ್ತ್ರಿಯದೇನು ತಪ್ಪು? ಬಾವಿ ಕೆಟ್ಟರೂ ಅದೇ, ಚರಂಡಿ ಕಟ್ಟಿದರೂ ಅದೇ, ನಾಯಿ ಸತ್ತರೂ ಅದೇ. ಆಲಿಕಲ್ಲಿಗೆ ಏನು ಹಾಕಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆತ ಮೂಟೆ ಬಿಚ್ಚಿ ಬೊಗಸೆ ತುಂಬಿಕೊಂಡದ್ದೇ ತಡ, ಮೆಂಬರಕ್ಕನ ಗಂಟಲು ಬಿಚ್ಚಿತು.

"ಲೇ ಮೇಸ್ತ್ರಿ! ಸುರ್ದೀಯ ಕಣ್ಲಾ ಸುರ್ದೀಯ! ಐಕ್ಳು ಆಲಿಕಲ್ಲು ಬಾಯಿಗಾಕತಾವೆ. ಬೆಳ್ಳುಗಿರೋದ್ರ ಮ್ಯಾಲೆ ಬೆಳ್ಳುಗಿರೋದು ಸುರ್ದ್ರೆ ಅವ್ಕೇನ್ಲಾ ಗೊತ್ತಾಯ್ತದೆ?"

"ಮತ್ತೆ ಇನ್ನೇನಕ್ಕ ಮಾಡ್ಲಿ? ಆಪೀಸ್ನಾಗೆ ಇದೇ ಕೊಟ್ಟು ಕಳಿಸವ್ರೆ."

"ಅದ್ನ ಕಟ್ಟಿ ಮಡಗು. ಹಾರೆ ಹಿಡ್ಕೊ."

ಅಷ್ಟರಲ್ಲಿ ನಾವು ಹೆಂಗಸರು ಒಂದು ಜಾಣತನ ಮಾಡಿದೆವು. ಮಂಜುಗಡ್ಡೆ ತಾನೆ, ಬಿಸಿನೀರು ಹುಯ್ದರೆ ಕರಗುತ್ತದೆ ಅಂತ ಯಾರೋ ಅಂದರು. ಬೀದಿಯ ಬಚ್ಚಲೊಲೆಗಳಿಗೆಲ್ಲ ಬೆಂಕಿ ಬಿತ್ತು. ಹಂಡೆಯಿಂದ ಮೊಗೆದು ಕೊಡ ಕೊಡ ಹೊತ್ತು ತಂದು ಸುರಿದದ್ದೇ ಸುರಿದದ್ದು. ಆಲಿಕಲ್ಲಿನ ಗುಡ್ಡೆಯಲ್ಲಿ ಅಲ್ಲೊಂದು ಇಲ್ಲೊಂದು ತೂತು ಬಿತ್ತು. ಬಿಸಿನೀರು ಮಾತ್ರ ಹೊಗೆಯಾಡುತ್ತ ನೆಟ್ಟಗೆ ಗೋಡೆಯ ಬುಡಕ್ಕೇ ಹೋಗಿ ಸೇರಿಕೊಂಡಿತು. ಸಾಬರು ಅಳಬೇಕೋ ನಗಬೇಕೋ ತಿಳಿಯದೆ ಕೈಮುಗಿದರು.

"ಸಾಕ್ರಮ್ಮಾ! ಯಾ ಅಲ್ಲಾ, ನಮ್ ಮನೇಗೆ ಎಣ್ಣೆ ಸ್ನಾನ ಮಾಡ್ಸಿಬುಟ್ರಲ್ಲ!"

ಮೆಂಬರಕ್ಕ ಆ ಗುಡ್ಡೆಯನ್ನೇ ನೋಡುತ್ತ ನಿಂತಿದ್ದರು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದರು. "ಥೂ, ರಾಗಿ ರಾಶಿ ಇದ್ದಂಗದೆ ಕಣ್ರೋ! ಕಣದಾಗೆ ರಾಶಿ ಎಳ್ಯದು ನಿಮ್ಗೇನು ಹೊಸ್ದಾ? ಗ್ವಾರೆ ತನ್ನಿ, ಹಗ್ಗ ತನ್ನಿ, ಓಡಿ!"

ಅಟ್ಟದ ಮೇಲೆ ಸುಗ್ಗಿಯ ತನಕ ಮಲಗಿರಬೇಕಾದ ಗೋರೆಗಳೆಲ್ಲ ಕೆಳಗಿಳಿದವು. ಅಡ್ಡ ಹಲಗೆ, ಅದಕ್ಕೊಂದು ಹಿಡಿ, ಎಳೆಯಲು ಎರಡು ಹಗ್ಗ. ಒಬ್ಬರು ಹಿಡಿ ಅದುಮಿ ಒತ್ತಿದರೆ ಇಬ್ಬರು ಎಳೆಯುವುದು. ಹಗ್ಗಕ್ಕೆ ಮೊದಲು ಕೈ ಹಾಕಿದವರು ಮೆಂಬರಕ್ಕನೇ. ಇನ್ನೊಂದು ಹಗ್ಗ ನನ್ನ ಕೈಗೆ ಬಂತು. ಹೊಸ ಸೊಸೆ ಅಂತ ಅಲ್ಲಿಯವರೆಗೆ ಬೀದಿಯಲ್ಲಿ ತಲೆ ಎತ್ತಿ ನಡೆದವಳಲ್ಲ ನಾನು. ಆವತ್ತು ಬರಿಗಾಲಲ್ಲಿ, ಅಂಗಾಲು ಮರಗಟ್ಟಿ ಹೋಗುತ್ತಿದ್ದರೂ, ಮಾವನವರ ಎದುರಿಗೇ ಹೋ ಎನ್ನುತ್ತ ಎಳೆದೆ!

ಎಳೆದು ರಾಶಿ ಹಾಕಿದ್ದನ್ನು ರಸ್ತೆಯಾಚೆಯ ಬಯಲಿಗೆ ಸಾಗಿಸಬೇಕಲ್ಲ? ಮಂಕರಿಯಲ್ಲಿ ಹೊತ್ತರೆ ಮುಗಿಯುವ ಮಾತಲ್ಲ. ಸಾಬರು ಒಳಗೆ ನುಗ್ಗಿ, ಹತ್ತಿ ತುಂಬಲು ಹೊಲಿದಿಟ್ಟಿದ್ದ ಹಾಸಿಗೆ ಖೋಳಗಳನ್ನೆಲ್ಲ ತಂದು ಬೀದಿಗೆ ಎಸೆದರು. ಗಿರಾಕಿಗಳ ಹೊಸ ಖೋಳಗಳು. ಗಿರಾಕಿಗಳೇ ಅವುಗಳ ಬಾಯಿ ಅಗಲಿಸಿ ಹಿಡಿದರು. ಆಲಿಕಲ್ಲು ತುಂಬುವುದು, ಉಬ್ಬಿದ ಹಾಸಿಗೆಯನ್ನು ಎರಡು ಮೂಲೆ ಹಿಡಿದು ದರದರ ಎಳೆದುಕೊಂಡು ಹೋಗುವುದು. ಗೆರೆಗೆರೆಯ ಆ ಹಾಸಿಗೆಗಳು ಬೀದಿಯಲ್ಲಿ ಸಾಲಾಗಿ ಜಾರುತ್ತ ಹೋಗುವುದನ್ನು ನೋಡಿ, ಬಸ್ಸಿನಿಂದ ಇಳಿದ ಗಂಡಸರೂ ಪಂಚೆ ಎತ್ತಿ ಕಟ್ಟಿ ಬಂದು ಕೈಹಾಕಿದರು.

ನಮ್ಮ ಮಾವನಿಗೆ ಗೋರೆಯ ಹಿಡಿ ಕೈಗೆ ಸಿಕ್ಕಿತ್ತು. ಕಣದಲ್ಲಿ ರಾಶಿ ಎಳೆಯುವಾಗ ರಾಶಿ ಹೆಚ್ಚಲಿ ಅಂತ ಕೂಗುವುದು ರೂಢಿ. ಎಷ್ಟು ಸುಗ್ಗಿಯ ರೂಢಿಯೋ, ಅವರು ಮೈಮರೆತು ಗಟ್ಟಿಯಾಗಿ "ಹುಲುಸೋ ಹುಲುಸು! ಹುಲುಸಾಗ್ಲಪ್ಪೋ!" ಅಂದೇಬಿಟ್ಟರು.

ಮೆಂಬರಕ್ಕ ಹಗ್ಗ ಬಿಟ್ಟು ತಿರುಗಿ ನಿಂತರು. "ಏಯ್ ಭಾವ! ಬಾಯ್ಗೆ ಮಣ್ಣಾಕ! ಇದು ಹುಲುಸಾದ್ರೆ ಊರೇ ಮುಳುಗ್ತದೆ. ಕುಂದ್ಲಿ ಅನ್ನು, ಕುಂದ್ಲಿ!"

ಅಲ್ಲಿಂದ ಮುಂದೆ ಬೀದಿಗೆ ಬೀದಿಯೇ "ಕುಂದ್ಲಪ್ಪೋ ಕುಂದ್ಲಿ" ಅಂತ ಕೂಗುತ್ತ ಎಳೆಯಿತು. ಯಾರ ಕಣದಲ್ಲೂ ಅಂಥ ಕೂಗು ಎದ್ದಿರಲಿಕ್ಕಿಲ್ಲ. ಬೆಳಕು ಇಳಿಯುತ್ತಿತ್ತು. ಗೋಡೆಯ ತೇವ ಕಿಟಕಿಯ ಕಡೆಗೆ ಏರುತ್ತಿತ್ತು. ಗೋಡೆಯ ಮಣ್ಣಿನ ಒಂದು ಹೆಂಟೆ ಕಳಚಿ ನೀರಿಗೆ ಬಿದ್ದಾಗ ಕೂಗು ಥಟ್ಟನೆ ನಿಂತಿತು. ಸಾಬರು ಕಣ್ಣು ಮುಚ್ಚಿಕೊಂಡರು. "ನಿಂತ್ಕಬ್ಯಾಡಿ!" ಎಂದರು ಮೆಂಬರಕ್ಕ. ಮೇಸ್ತ್ರಿ ಮೋರಿಯ ಗುಂಡಿಯಲ್ಲಿ ಎದೆಯುದ್ದ ನೀರಿಗಿಳಿದು ಅದರ ಬಾಯಿಗೆ ಹಾರೆ ತಿವಿದ. ಮತ್ತೆ ತಿವಿದ. ಒಳಗೆಲ್ಲೋ ಗುಳುಂ ಅಂತ ಸದ್ದಾಯಿತು, ಉಂಡ ಎಮ್ಮೆ ತೇಗಿದ ಹಾಗೆ... ನೀರು ಸುಳಿ ತಿರುಗಿ ಮೋರಿಯೊಳಕ್ಕೆ ನುಗ್ಗಿತು!

ಮೇಸ್ತ್ರಿಯನ್ನು ಮೇಲೆಳೆದು ಅವನ ಹಲ್ಲು ಕಟಕಟ ಅನ್ನುತ್ತಿದ್ದುದಕ್ಕೇ ಬಿದ್ದು ಬಿದ್ದು ನಕ್ಕೆವು. ಮೆಂಬರಕ್ಕ ಮಾತ್ರ ಗೋಡೆಯ ಹತ್ತಿರ ಹೋಗಿ ಅಂಗೈ ಊರಿ ನಿಂತರು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ. "ನಿಂತದೆ ಸಾಬ್ರೆ," ಅಂದರು. ಆಕೆ ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೋಡೆ ಆಮೇಲೂ ಬಹಳ ವರ್ಷ ನಿಂತಿತು. ಮಕ್ಕಳು ದುಡಿಯಲು ಶುರುಮಾಡಿದ ಮೇಲೆ ಸಾಬರು ಇಟ್ಟಿಗೆ ಮನೆ ಕಟ್ಟಲು ಹೊರಟರು. ಹಳೆ ಗೋಡೆ ಕೆಡವುವ ದಿನ ಮೆಂಬರಕ್ಕನನ್ನು ಕರೆಸಿ ಕುರ್ಚಿ ಹಾಕಿ ಕೂರಿಸಿದರು. ಆಗ ಅವರು ಮೆಂಬರ್ ಆಗಿರಲಿಲ್ಲ. ಗಂಟಲು ಮಾತ್ರ ಹಾಗೇ ಇತ್ತು.

"ಅಲ್ಲ ಸಾಬ್ರೆ, ಇದ್ನ ಉಳ್ಸಕ್ಕೆ ಆವತ್ತು ಅಂಗೆ ಬಡ್ಕಂಡೆ. ಈಗ ನೀವೇ ಕೆಡುಗ್ತಿದ್ದೀರಲ್ಲ?"

"ಅದಾಗೇ ಬೀಳೋದು ಬೇರೆ, ನಾವು ಇಳ್ಸೋದು ಬೇರೆ ಅಕ್ಕಾ," ಅಂದರು ಸಾಬರು.

ನಾವು ಮೈಸೂರಿಗೆ ಬಂದು ನೆಲೆಸಿದ ಮೇಲೆ ಆ ಬೀದಿಗೆ ಹೋಗುವುದು ಕಡಿಮೆಯಾಯಿತು. ಮೆಂಬರಕ್ಕ ತೀರಿಕೊಂಡ ಸುದ್ದಿಯೂ ತಡವಾಗಿ ಬಂತು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಜಗಲಿಯ ಮೇಲೆ ಸಾಬರು ಒಬ್ಬರೇ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದು, "ಕೂತ್ಕೊಳಮ್ಮ," ಅಂದರು. ಬೀದಿಯ ಕಡೆ ಕೈ ತೋರಿಸಿ, "ಅಕ್ಕನ್ ಗಂಟ್ಲಿಲ್ದೆ ಬೀದೀಗೆ ಕಿವುಡು ಬಂದಂಗಾಗದೆ," ಅಂದರು.

ನಾನು ಚಪ್ಪಲಿ ಬಿಟ್ಟು ಅವರ ಪಕ್ಕದಲ್ಲಿ ಕೂತೆ. ಒಳಗಿನಿಂದ ಮೆಂಬರಕ್ಕನ ಸೊಸೆ ಇಬ್ಬರಿಗೂ ಕಾಫಿ ತಂದು ಕೊಟ್ಟಳು.